ಐಸಮ್ಮ, ಪಾತುಮ್ಮ, ಖೈರೂನ್‌ಬೀ: ನಮ್ಮ ಅಜ್ಜಿಯರ ಹೆಸರುಗಳು

ಬಾಣಸವಾಡಿಯ ಆಸುಪಾಸಿನಲ್ಲಿ ದಖನಿ ಉರ್ದು, ತಮಿಳು, ಮಲಯಾಳಂ ಮತ್ತು ಬ್ಯಾರಿ ಮಾತನಾಡುವ ಮುಸ್ಲಿಂ ಕುಟುಂಬಗಳು ನೆರೆಹೊರೆಯಾಗಿ ಬಾಳುತ್ತಿವೆ. ಆದ್ದರಿಂದಲೇ ಒಂದೇ ಹೆಸರು ಇಲ್ಲಿ ಹಲವು ರೂಪ ತಾಳಿದೆ. ದಖನಿ ಮನೆಯ ಫಾತ್ಮಾಬೀ ಕರಾವಳಿಯ ಮನೆಯಲ್ಲಿ ಪಾತುಮ್ಮ. ಆಯಿಷಾ ಐಸಮ್ಮನಾದರೆ, ಖೈರುನ್ನಿಸಾ ಖೈರೂನ್ ಆಗಿದ್ದಾಳೆ. ಮೊಮ್ಮಗಳಿಗೆ ಅಜ್ಜಿಯ ಹೆಸರಿಡೋಣವೆಂದರೆ ಮಾತ್ರ, 'ಅದು ಹಳೇ ಕಾಲದ ಹೆಸರು' ಎಂಬ ಉತ್ತರ ಬರುತ್ತದೆ. ನಗೆಮಾತುಗಳಲ್ಲಿ ಪಾತುಮ್ಮ ಎಂದರೆ ಅಕ್ಷರ ಬಾರದ ಹೆಂಗಸು ಎಂಬ ಅರ್ಥವೂ ಅಂಟಿಕೊಂಡಿದೆ. ಈ ಸಂಕೋಚಕ್ಕೆ ಆಧಾರವಿದೆಯೇ ಎಂದು ನಾವು ಯೋಚಿಸಬೇಕು.

ಐಸಮ್ಮ ಎಂಬ ಹೆಸರಿನ ಮೂಲ ವಿಶ್ವಾಸಿಗಳ ಮಾತೆ ಹಝ್ರತ್ ಆಯಿಷಾ(ರ). ಅವರಿಂದ ವರದಿಯಾದ ಹದೀಸ್‌ಗಳ ಸಂಖ್ಯೆ 2,210 ಎಂದು ವಿದ್ವಾಂಸರು ಎಣಿಸಿದ್ದಾರೆ. ಹಿರಿಯ ಸಹಾಬಿಗಳೂ ಅವರ ಬಳಿ ಬಂದು ಸಂಶಯ ಪರಿಹರಿಸಿಕೊಳ್ಳುತ್ತಿದ್ದರು. ಅಂತಹ ವಿದುಷಿಯ ಹೆಸರು ಅಜ್ಞಾನದ ಗುರುತಾದದ್ದು ನಮ್ಮ ಮರೆವಿನಿಂದಲೇ ಹೊರತು ಹೆಸರಿನ ದೋಷದಿಂದಲ್ಲ.

ಹೆಸರಿನ ಬಾಲವೂ ಹಾಗೆಯೇ. 'ಬೀ' ಎಂಬುದು 'ಬೀಬಿ'ಯ ಕಿರುರೂಪ. ಗೌರವಾನ್ವಿತ ಮಹಿಳೆ ಎಂದು ಅದರ ಅರ್ಥ. ಬಿಜಾಪುರದ ಆಡಳಿತ ನಡೆಸಿದ, 1595ರಲ್ಲಿ ಅಕ್ಬರನ ಸೇನೆಯೆದುರು ಅಹಮದ್‌ನಗರದ ಕೋಟೆಯನ್ನು ಕಾಯ್ದ ಚಾಂದ್ ಬೀಬಿಯ ಹೆಸರಿನಲ್ಲಿರುವುದೂ ಇದೇ ಪದ. ಖೈರುನ್ನಿಸಾ ಎಂದರೆ ಸ್ತ್ರೀಯರಲ್ಲಿ ಶ್ರೇಷ್ಠಳು. ಬದ್ರುನ್ನಿಸಾ ಎಂದರೆ ಸ್ತ್ರೀಯರಲ್ಲಿ ಪೂರ್ಣಚಂದ್ರ. ಐಸಮ್ಮನಲ್ಲಿರುವ 'ಅಮ್ಮ'ನಂತೂ ಈ ನೆಲ ಕೊಟ್ಟ ಮಮತೆ.

ಹೆಸರನ್ನು ಮೊಟಕುಗೊಳಿಸುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಕರೆಯುವಾಗ ಹೆಸರಿನ ಕೊನೆಯಕ್ಷರ ಬಿಡುವುದಕ್ಕೆ ಅರಬಿ ವ್ಯಾಕರಣದಲ್ಲಿ 'ತರ್ಖೀಮ್' ಎನ್ನುತ್ತಾರೆ. ಜಿಬ್ರೀಲ್(ಅ)ರ ಸಲಾಮನ್ನು ತಿಳಿಸುವಾಗ ಪ್ರವಾದಿ(ಸ)ರು ತಮ್ಮ ಪತ್ನಿಯನ್ನು 'ಆಇಶ್' ಎಂದು ಕರೆದರೆಂದು ಸಹೀಹ್ ಬುಖಾರಿಯಲ್ಲಿದೆ. ಪ್ರೀತಿಯ ಕಿರುಹೆಸರಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಆದರೆ ಸೂರಃ ಅಲ್‌ಹುಜುರಾತ್‌ನ 11ನೇ ಸೂಕ್ತವು ಹೀನ ಅಡ್ಡಹೆಸರುಗಳಿಂದ ಪರಸ್ಪರ ಕರೆಯುವುದನ್ನು ನಿಷೇಧಿಸುತ್ತದೆ. ಮೆಹ್ರುನ್ನಿಸಾಳನ್ನು ಮೆಹ್ರೂ ಎನ್ನುವುದು ಅಕ್ಕರೆ. ಮೈಬಣ್ಣ ನೋಡಿ 'ಕಾಲಿ' ಎನ್ನುವುದು, ಕುಳ್ಳಿ ಎಂದು ಕೂಗುವುದು ಪಾಪ. ಇನ್ನು ಹೆಸರನ್ನೇ ಬದಲಿಸಬೇಕಾದದ್ದು ಅರ್ಥ ಕೆಟ್ಟಿದ್ದಾಗ. ಅವಿಧೇಯಳು ಎಂಬ ಅರ್ಥದ 'ಆಸಿಯಾ' ಹೆಸರನ್ನು ಪ್ರವಾದಿ(ಸ)ರು 'ಜಮೀಲಾ' ಎಂದು ಬದಲಿಸಿದರು. ಫಿರ್‌ಔನನ ಪತ್ನಿ ಆಸಿಯಾರ ಹೆಸರು ಅರಬಿಯಲ್ಲಿ ಬೇರೆ ಅಕ್ಷರಗಳದು. ಅದನ್ನು ಇಡಲು ಅಡ್ಡಿಯಿಲ್ಲ. ಕನ್ನಡದಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ ಈ ಎಚ್ಚರ ಅಗತ್ಯ.

ಕಿರುಹೆಸರಿಗೆ ಇನ್ನೊಂದು ಮುಖವಿದೆ. ಮನೆಯಲ್ಲೇ ಹುಟ್ಟಿದ ಅಜ್ಜಿಯರ ಹೆಸರನ್ನು ಬರೆಯುವವರು ಕಿವಿಗೆ ಬಿದ್ದಂತೆ ಬರೆದರು. ನಿಕಾಹ್‌ನಾಮೆಯ ಖೈರುನ್ನಿಸಾ ಪಡಿತರ ಚೀಟಿಯಲ್ಲಿ ಖೈರೂನ್‌ಬೀ, ಮತದಾರರ ಪಟ್ಟಿಯಲ್ಲಿ ಖೈರಾಬಿ. ಪಿಂಚಣಿಗೋ ಆಸ್ತಿಯ ಪಾಲಿಗೋ ಅರ್ಜಿ ಹಾಕುವಾಗ ಮೂವರೂ ಒಬ್ಬಳೇ ಎಂದು ಆ ವೃದ್ಧೆಯೇ ರುಜುವಾತು ಮಾಡಬೇಕು.

ಏಳನೆಯ ದಿನ ಅಕೀಕಾದೊಂದಿಗೆ ಹೆಸರಿಡುವುದು ಸುನ್ನತ್. ಜನನ ನೋಂದಣಿಗೆ 21 ದಿನಗಳ ಅವಧಿಯಿದೆ. ನೋಂದಣಿಯಲ್ಲಿ ಹೆಸರು ಬಿಟ್ಟುಹೋಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೂ ಮತದಾರರ ಪಟ್ಟಿಗೂ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಆದ್ದರಿಂದ ಪೂರ್ಣ ಹೆಸರು ಎಲ್ಲ ಕಾಗದಗಳಲ್ಲೂ ಒಂದೇ ಅಕ್ಷರಗಳಲ್ಲಿರಲಿ; ಮನೆಯೊಳಗೆ ಐಸು, ಮೆಹ್ರೂ, ಖೈರೂ ಎಂಬ ಕರೆ ನಿಲ್ಲದಿರಲಿ.

ಮಗುವಿಗೆ ಒಳ್ಳೆಯ ಹೆಸರು ಹುಡುಕುವವರು ಮೊದಲು ಅಜ್ಜಿಯ ಹೆಸರಿನ ಅರ್ಥವನ್ನು ಕೇಳಿ ತಿಳಿಯಲಿ. ನಮ್ಮ ಮಕ್ಕಳು ತಮ್ಮ ಹೆಸರಿನ ಅರ್ಥಕ್ಕೆ ತಕ್ಕಂತೆ ಬಾಳಲು ಅಲ್ಲಾಹನು ಅನುಗ್ರಹಿಸಲಿ, ಆಮೀನ್.