ತುಯಿಲಿಕ್: ಜೀವ ಕಾಯ್ದ ಹೊಲಿಗೆ

ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಬೇಟೆಗಾರರ ಕಯಾಕ್ ಮಗುಚೋದು ಮಾಮೂಲು. ಆದ್ರೆ ಆ ಹಿಮದಂಥ ನೀರಲ್ಲಿ ದೋಣಿ ಬಿಟ್ಟು ಹೊರಬಿದ್ರೆ ಕಥೆ ಮುಗೀತು, ಕೈಕಾಲು ಕೆಲವೇ ನಿಮಿಷಕ್ಕೆ ಸೋಲುತ್ತವೆ.

ಅದಕ್ಕೇ ತುಯಿಲಿಕ್. ಸೀಲ್ ಚರ್ಮದ, ಟೋಪಿ ಸಮೇತದ ಅಂಗಿ. ಮುಖದ ಸುತ್ತ, ಮಣಿಕಟ್ಟಲ್ಲಿ ಬಿಗಿ. ಕೆಳಗಿನ ಅಂಚನ್ನು ದೋಣಿಯ ಬಾಯಿಗೇ ಕಟ್ಟೋದು. ತಲೆಕೆಳಗಾದರೂ ಒಳಗೆ ನೀರು ನುಗ್ಗಲ್ಲ, ಹುಟ್ಟು ಬೀಸಿ ಮೇಲೇಳಬಹುದು.

ಹೊಲಿಯುತ್ತಿದ್ದವರು ಹೆಂಗಸರು. ಸೂಜಿ ಚರ್ಮದ ಆಚೆಬದಿಗೆ ತೂರಬಾರದು, ಅರ್ಧ ದಪ್ಪಕ್ಕಷ್ಟೇ ಹೊಲಿಗೆ! ದಾರ ಪ್ರಾಣಿಯ ಸ್ನಾಯುವಿನ ನಾರು. ನೆಂದರೆ ಉಬ್ಬಿ ತೂತು ಮುಚ್ಚುತ್ತೆ. (ಹೊಗಳಿಕೆ ಮಾತ್ರ ಬೇಟೆಗಾರನಿಗೆ.)

1952ರಲ್ಲಿ ಹ್ಯೂ ಬ್ರಾಡ್ನರ್ ರೂಪಿಸಿದ ವೆಟ್‌ಸೂಟ್ ನೀರು ಒಳಗೆ ಬಿಟ್ಟೇ ಬೆಚ್ಚಗಿಡುತ್ತೆ. ನೀರು ತೀರಾ ಕೊರೆಯುವಲ್ಲಿ ಕಯಾಕರ್‌ಗಳು ಆರಿಸೋದು ಡ್ರೈಸೂಟ್: ಕತ್ತು, ಮಣಿಕಟ್ಟು ಬಿಗಿ, ಒಳಗೆ ಉಣ್ಣೆ. ಥೇಟ್ ತುಯಿಲಿಕ್ ದಾರಿ.