ಯೋಗಕ್ಷೇಮದ ಲೆಕ್ಕ: ಸೆರೆಮನೆಯ ಪಡಿಯಿಂದ ತಾಲ್ಲೂಕಿನ ಪಟ್ಟಿಯವರೆಗೆ

ಪ್ರತಿ ವರ್ಷ ಮಾರ್ಚ್ 20ರ ಆಸುಪಾಸಿನಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ಸಂತೋಷದಲ್ಲಿ ಭಾರತಕ್ಕೆ ಇಷ್ಟನೆಯ ಸ್ಥಾನ. 2024ರಲ್ಲಿ ಅದು 126 ಆಗಿತ್ತು. ಮರುದಿನ ಟಿ.ವಿ.ಯಲ್ಲಿ ಒಬ್ಬರು ಫಿನ್ಲೆಂಡನ್ನು ಹೊಗಳುತ್ತಾರೆ, ಇನ್ನೊಬ್ಬರು ಇದೆಲ್ಲ ಪಾಶ್ಚಾತ್ಯರ ಕಿತಾಪತಿ ಎನ್ನುತ್ತಾರೆ, ಮೂರನೆಯ ದಿನಕ್ಕೆ ಇಬ್ಬರೂ ಮರೆತಿರುತ್ತಾರೆ. ಆ ಸ್ಥಾನ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಬದುಕು 0ಯಿಂದ 10ರವರೆಗಿನ ಏಣಿ ಎಂದುಕೊಂಡರೆ ನೀವೀಗ ಯಾವ ಮೆಟ್ಟಿಲಲ್ಲಿದ್ದೀರಿ?

ಈಚೆಗೆ ಇದರ ಜೊತೆ ಇನ್ನೊಂದು ಮಾತೂ ಸೇರಿಕೊಂಡಿದೆ. ಬೆಳವಣಿಗೆಗಿಂತ ಜನರ ಯೋಗಕ್ಷೇಮ ಮೊದಲು ಎಂಬ ಅರ್ಥನೀತಿ 2019ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿತು, ನಾವದನ್ನು ಕಲಿಯಬೇಕು ಎಂಬ ಮಾತು. ಕಲಿಯುವುದಕ್ಕೆ ನನ್ನ ತಕರಾರಿಲ್ಲ. ಹುಟ್ಟಿದ್ದು ಅಲ್ಲಿ ಎಂಬುದಕ್ಕೆ ಇದೆ. ಇಪ್ಪತ್ತೈದು ವರ್ಷ ತಾಲ್ಲೂಕು ಕಚೇರಿಗಳ ಅಂಕಿಅಂಶದ ಕಡತಗಳ ನಡುವೆ ಕಳೆದವನಿಗೆ ಈ ವಂಶಾವಳಿ ಒಪ್ಪಿಗೆಯಾಗುವುದು ಕಷ್ಟ.

ಮೊದಲ ಅಧ್ಯಾಯವನ್ನು ಬೇಗ ಮುಗಿಸುತ್ತೇನೆ. ದಾದಾಭಾಯಿ ನವರೋಜಿ 1870ರ ದಶಕದಲ್ಲಿ ಭಾರತೀಯರ ತಲಾ ಆದಾಯ ವರ್ಷಕ್ಕೆ 20 ರೂಪಾಯಿ ಎಂದು ಲೆಕ್ಕ ಹಾಕಿದ್ದು ಶಾಲೆಯ ಪಾಠದಲ್ಲಿದೆ. ಆ 20 ರೂಪಾಯಿಯನ್ನು ಅವರು ಯಾವುದರ ಪಕ್ಕದಲ್ಲಿಟ್ಟು ತೂಗಿದರು ಎಂಬುದು ಪಾಠದಲ್ಲಿಲ್ಲ. ಅವರು ತೂಗಿದ್ದು ಸೆರೆಮನೆಯ ಕೈದಿಗೆ ಸರ್ಕಾರವೇ ಕೊಡುತ್ತಿದ್ದ ಊಟ ಬಟ್ಟೆಯ ಖರ್ಚಿನೊಂದಿಗೆ. ಅಪರಾಧ ಮಾಡದವನ ಆದಾಯ ಅಪರಾಧಿಯ ಪಡಿಗೂ ಸಾಲದು ಎಂದಾಗ ಆದಾಯವನ್ನು ಬದುಕಿನ ಅಗತ್ಯದಿಂದ ಅಳೆಯುವ ಕೆಲಸ ಶುರುವಾಗಿತ್ತು. ಜಿಡಿಪಿ ಎಂಬ ಪದ ಆಗ ಇನ್ನೂ ಹುಟ್ಟಿರಲಿಲ್ಲ.

ಆ ಲೆಕ್ಕದ ಆಧುನಿಕ ರೂಪ ಸಿದ್ಧವಾದದ್ದು ಅಮೆರಿಕದಲ್ಲಿ, ಸೈಮನ್ ಕುಜ್ನೆಟ್ಸ್ ಕೈಯಲ್ಲಿ. 1934ರಲ್ಲಿ ಅಮೆರಿಕದ ಸೆನೆಟ್‌ಗೆ ವರದಿ ಒಪ್ಪಿಸುವಾಗಲೇ ಅವರು ರಾಷ್ಟ್ರೀಯ ಆದಾಯದಿಂದ ಜನರ ಕ್ಷೇಮವನ್ನು ಊಹಿಸಲಾಗದು ಎಂದು ಎಚ್ಚರಿಸಿದ್ದರು. ಔಷಧದ ಡಬ್ಬಿ ಕೊಂಡೊಯ್ದವರು ಚೀಟಿ ಓದಲಿಲ್ಲ. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜಿತ ಅರ್ಥವ್ಯವಸ್ಥೆಯ ಪುಸ್ತಕ ಬಂತು. ಹತ್ತು ವರ್ಷದಲ್ಲಿ ದೇಶದ ಆದಾಯ ಇಮ್ಮಡಿಯಾಗಬೇಕು ಎಂಬುದು ಅದರ ಗುರಿ. ಅದಕ್ಕೂ ಕೆಲವು ವರ್ಷ ಮೊದಲು ಗುಜರಾತಿನ ಖೇಡಾ ಜಿಲ್ಲೆಯ ಮಾತರ್ ಎಂಬ ತಾಲ್ಲೂಕಿನಲ್ಲಿ ಜೆ. ಸಿ. ಕುಮಾರಪ್ಪ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ ರೈತ ಕುಟುಂಬಗಳ ಜಮಾ ಖರ್ಚು ಬರೆದುಕೊಂಡಿದ್ದರು. ಅವರ ಮುಂದಿದ್ದದ್ದು ಸಣ್ಣ, ಖಚಿತವಾದ ಪ್ರಶ್ನೆ: ಈ ಜನ ಈ ಕಂದಾಯ ಹೊರಬಲ್ಲರೆ? ನಮ್ಮ ಮಧ್ಯಮ ವರ್ಗ ಇಂದಿಗೂ ವಿಶ್ವೇಶ್ವರಯ್ಯನವರ ಮಕ್ಕಳೇ. ಕುಮಾರಪ್ಪನವರ ಫೋಟೊವನ್ನು ನಾನು ಯಾವ ಸರ್ಕಾರಿ ಕಚೇರಿಯ ಗೋಡೆಯಲ್ಲೂ ನೋಡಿಲ್ಲ.

ಕೇಂಬ್ರಿಜ್‌ನಲ್ಲಿ ಕೇನ್ಸ್ ಬಳಿ ಓದಿ ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯವಾಗಿ ಲೆಕ್ಕ ಹಾಕಿದ ವಿ. ಕೆ. ಆರ್. ವಿ. ರಾವ್ ಕೊನೆಗೆ ಬಂದು ನೆಲೆಸಿದ್ದು ಬೆಂಗಳೂರಿನಲ್ಲಿ. 1972ರಲ್ಲಿ ಇಲ್ಲಿ ಅವರು ಕಟ್ಟಿದ ಸಂಸ್ಥೆಯ ಹೆಸರಿನಲ್ಲಿ ಆರ್ಥಿಕಕ್ಕಿಂತ ಮೊದಲು ಸಾಮಾಜಿಕ ಎಂಬ ಪದವಿದೆ: ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ಆ ಪದಗಳ ಕ್ರಮ ನನಗೆ ಯಾವತ್ತೂ ಆಕಸ್ಮಿಕವಾಗಿ ಕಂಡಿಲ್ಲ.

ಎಪ್ಪತ್ತರ ದಶಕದ ಬಗ್ಗೆ ಎರಡೇ ಮಾತು. ಭೂತಾನದ ದೊರೆ ಒಟ್ಟು ರಾಷ್ಟ್ರೀಯ ಸಂತೋಷದ ಮಾತೆತ್ತಿದ್ದು ಆಗ. ಅದು 2008ರ ಸಂವಿಧಾನಕ್ಕೂ ಸೇರಿತು, 9 ಕ್ಷೇತ್ರ 33 ಸೂಚಕಗಳ ಅಳತೆಯಾಗಿಯೂ ಬೆಳೆಯಿತು. ಅದೇ ಭೂತಾನದಿಂದ 1990ರ ದಶಕದಲ್ಲಿ ನೇಪಾಳಿ ಮಾತನಾಡುವ ಲಕ್ಷದಷ್ಟು ಜನ ಹೊರಬಿದ್ದು ನಿರಾಶ್ರಿತರ ಶಿಬಿರ ಸೇರಿದರು. ಸರಾಸರಿ ಸಂತೋಷ ಲೆಕ್ಕ ಹಾಕುವಾಗ ಮನೆಯಿಂದ ಹೊರಗಟ್ಟಿದವರು ಸರಾಸರಿಯಿಂದಲೂ ಹೊರಗೇ ಉಳಿಯುತ್ತಾರೆ. ಇತ್ತ ತಿರುವನಂತಪುರದಲ್ಲಿ ಕೆ. ಎನ್. ರಾಜ್ ಮತ್ತು ಸಂಗಡಿಗರ 1975ರ ಅಧ್ಯಯನ, ಕಡಿಮೆ ಆದಾಯದ ಕೇರಳದಲ್ಲಿ ಜನ ಹೆಚ್ಚು ಕಾಲ ಬದುಕುತ್ತಾರೆ, ಹೆಚ್ಚು ಓದಿದ್ದಾರೆ ಎಂದು ತೋರಿಸಿತು. ಬೆಳೆದ ಮೇಲಷ್ಟೇ ಹಂಚಬೇಕು ಎನ್ನುವವರಿಗೆ ಇಂದಿಗೂ ಅದಕ್ಕೆ ಸರಿಯಾದ ಉತ್ತರ ಹೊಳೆದಿಲ್ಲ.

ನನ್ನ ತಲೆಮಾರಿನ ಕಣ್ಣು ತೆರೆಸಿದ್ದು 1990. ಪಾಕಿಸ್ತಾನದ ಮೆಹಬೂಬ್ ಉಲ್ ಹಕ್ ಆ ವರ್ಷ ವಿಶ್ವಸಂಸ್ಥೆಯ ಮೊದಲ ಮಾನವ ಅಭಿವೃದ್ಧಿ ವರದಿ ತಂದರು. ಆಯಸ್ಸು, ಓದು, ಆದಾಯ ಈ ಮೂರನ್ನೂ ಬೆರೆಸಿ ಒಂದೇ ಅಂಕೆ ಮಾಡುವುದು ಒರಟು ಕೆಲಸ ಎಂದು ಗೆಳೆಯ ಅಮರ್ತ್ಯ ಸೇನ್ ಹಿಂಜರಿದರು. ಜಿಡಿಪಿಯ ಎದುರು ನಿಲ್ಲಬೇಕಾದರೆ ಅದರಷ್ಟೇ ಒರಟಾದ, ಆದರೆ ಅದರಷ್ಟು ಕುರುಡಲ್ಲದ ಅಂಕೆಯೇ ಬೇಕು ಎಂಬುದು ಹಕ್ ಅವರ ವಾದ. ಹಕ್ ಗೆದ್ದರು. ವಿಚಾರ ಸೇನ್ ಅವರದು ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಪತ್ರಿಕೆಯ ತಲೆಬರಹಕ್ಕೆ ತಂದವರನ್ನು ನೆನೆಯುವವರು ಕಡಿಮೆ.

ಕರ್ನಾಟಕ ಈ ದಾರಿಯಲ್ಲಿ ಹಿಂದೆ ಬೀಳಲಿಲ್ಲ. ಮಧ್ಯಪ್ರದೇಶದ ನಂತರ ರಾಜ್ಯಮಟ್ಟದ ಮಾನವ ಅಭಿವೃದ್ಧಿ ವರದಿ ತಂದದ್ದು ನಾವೇ, 1999ರಲ್ಲಿ. 2005ರ ಎರಡನೆಯ ವರದಿಯಲ್ಲಿ 2001ರ ಅಂಕೆಗಳಿದ್ದವು: ಬೆಂಗಳೂರು ನಗರ 0.753, ರಾಯಚೂರು 0.547. ಒಂದೇ ವಿಧಾನಸೌಧದ ಕೆಳಗೆ ಎರಡು ದೇಶ. ಆ ಕೋಷ್ಟಕವನ್ನು ಮೊದಲ ಸಲ ನೋಡಿದ ದಿನ ಊಟ ರುಚಿಸಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ. ಆಮೇಲೆ ಜಿಲ್ಲಾವಾರು ವರದಿಗಳೂ ಬಂದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ಟಿ. ಆರ್. ಚಂದ್ರಶೇಖರ ಅವರಂಥವರು ಇದನ್ನೆಲ್ಲ ಕನ್ನಡದಲ್ಲೇ ಬರೆದು, ಹೆಣ್ಣುಮಕ್ಕಳ, ದಲಿತರ ಅಂಕೆಯನ್ನು ಸರಾಸರಿಯೊಳಗೆ ಕರಗಿಸಬೇಡಿ ಎಂದು ಹಟ ಹಿಡಿದರು. ಇಂಗ್ಲಿಷಿನಲ್ಲಿ ಬರೆದಿದ್ದರೆ ದೆಹಲಿಯಲ್ಲಿ ಹೆಸರಾಗುತ್ತಿತ್ತು. ಜಿಲ್ಲಾ ಪಂಚಾಯಿತಿ ಸದಸ್ಯರ ಕೈಗೆ ಮಾತ್ರ ತಲುಪುತ್ತಿರಲಿಲ್ಲ.

ಇಡೀ ಚರಿತ್ರೆಯಲ್ಲಿ ನನ್ನ ಮಟ್ಟಿಗೆ ದೊಡ್ಡ ಗ್ರಂಥ ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಅದರ ಬಗ್ಗೆ ನಾನು ನಿಷ್ಪಕ್ಷಪಾತಿ ಎಂದು ಹೇಳಿಕೊಳ್ಳುವುದಿಲ್ಲ. ಸಮಿತಿ ರಾಜ್ಯವನ್ನೂ ಜಿಲ್ಲೆಯನ್ನೂ ದಾಟಿ ತಾಲ್ಲೂಕಿಗೆ ಇಳಿಯಿತು. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲ ಸೇರಿ 35 ಸೂಚಕ. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದದ್ದು ಹಿಂದುಳಿದದ್ದು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು, ದೇವದುರ್ಗದಂಥವು. ಉಳಿದ 13 ದಕ್ಷಿಣದವು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿಯೂ ಅದರಲ್ಲಿ ಸೇರಿದ್ದವು. ದೀಪದ ಬುಡದ ಕತ್ತಲೆಗೆ ಅಂಕೆಯ ಸಾಕ್ಷಿ ಸಿಕ್ಕಿತು. ಉತ್ತರ ದಕ್ಷಿಣವೆಂದು ಜಗಳವಾಡುವವರು ಈ 13ನ್ನು ಹಾರಿಸಿ ಓದುವುದು ಬೇರೆ ವಿಷಯ.

ಅಳೆದು ಸುಮ್ಮನಾಗದೆ ದುಡ್ಡಿನ ದಾರಿಯನ್ನೂ ಹೇಳಿದ್ದು ಆ ವರದಿಯ ಹೆಚ್ಚುಗಾರಿಕೆ: 8 ವರ್ಷದಲ್ಲಿ 31,000 ಕೋಟಿ ರೂಪಾಯಿ, ಯಾವ ತಾಲ್ಲೂಕಿಗೆ ಯಾವುದಕ್ಕೆ. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಎಂಬ ಹೆಸರಿನಲ್ಲಿ ಅನುದಾನವೂ ಬಂತು. ಬಂದದ್ದೆಲ್ಲ ಖರ್ಚಾಯಿತೇ ಎಂದು ಕೇಳಬೇಡಿ. ಮಾರ್ಚ್ ತಿಂಗಳ ಕೊನೆಯ ವಾರ ತಾಲ್ಲೂಕು ಪಂಚಾಯಿತಿಯ ಕಚೇರಿಯಲ್ಲಿ ಒಮ್ಮೆ ಕುಳಿತವರಿಗೆ ಬಿಡುಗಡೆ, ಬಿಲ್ಲು, ಲ್ಯಾಪ್ಸ್ ಈ ಮೂರು ಪದಗಳ ಸಂಬಂಧ ಗೊತ್ತಿರುತ್ತದೆ.

ಇನ್ನು ನ್ಯೂಜಿಲೆಂಡ್. ಅದು 2019ರಲ್ಲಿ ಯೋಗಕ್ಷೇಮದ ಬಜೆಟ್ ಎಂದೇ ಹೆಸರಿಟ್ಟು ಬಜೆಟ್ ಮಂಡಿಸಿತು. ಮಾನಸಿಕ ಆರೋಗ್ಯಕ್ಕೆ 190 ಕೋಟಿ ನ್ಯೂಜಿಲೆಂಡ್ ಡಾಲರ್ ಇಟ್ಟಿತು. ಒಳ್ಳೆಯದೇ. ನನಗೆ ಅದಕ್ಕಿಂತ ಇಷ್ಟವಾದದ್ದು ವೇಲ್ಸ್. ಮುಂದಿನ ಪೀಳಿಗೆಗಳ ಕ್ಷೇಮಕ್ಕೆಂದು 2015ರಲ್ಲಿ ಕಾನೂನು ಮಾಡಿ, ಸಾರ್ವಜನಿಕ ಸಂಸ್ಥೆಗಳ ಮೇಲೆ ಕಣ್ಣಿಡಲು ಒಬ್ಬ ಆಯುಕ್ತರನ್ನು ನೇಮಿಸಿದ ನಾಡು ಅದು. ಎಂ4 ಹೆದ್ದಾರಿಗೆ ಪರ್ಯಾಯ ರಸ್ತೆ ಮಾಡುವ ಯೋಜನೆಯನ್ನು ಆಯುಕ್ತರು ಬಹಿರಂಗವಾಗಿ ವಿರೋಧಿಸಿದರು. 2019ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ದುಡ್ಡು ಮತ್ತು ಪರಿಸರ ಎರಡೂ ಕಾರಣಗಳಿದ್ದವು. ಆದರೂ ಅಳತೆಗೋಲು ಹಿಡಿದವರೊಬ್ಬರು ಎದ್ದು ನಿಂತು ಬೇಡ ಎಂದರು ಎಂಬುದು ಸಣ್ಣ ಮಾತಲ್ಲ. ಇದರ ಎದುರಿಗೆ 2016ರಲ್ಲಿ ಮಧ್ಯಪ್ರದೇಶ ತೆರೆದ ಆನಂದದ ಇಲಾಖೆಯನ್ನಿಟ್ಟು ನೋಡಿ. ಆನಂದಕ್ಕೆ ಇಲಾಖೆ ಬಂತು. ಬೇರೆ ಇಲಾಖೆಗಳಿಗೆ ಬೇಡ ಎನ್ನುವ ಅಧಿಕಾರ ಅದಕ್ಕೆ ಬರಲಿಲ್ಲ.

ನಮ್ಮಲ್ಲಿ 2023ರ ಗ್ಯಾರಂಟಿಗಳ ಚರ್ಚೆ ನೋಡಿದಾಗ ಇದೇ ಕೊರತೆ ಕಾಣುತ್ತದೆ. ಬಸ್ಸಿನ ಉಚಿತ ಟಿಕೆಟ್, ತಿಂಗಳಿಗೆ 2,000 ರೂಪಾಯಿ ಬಿಟ್ಟಿಯೋ ಹಕ್ಕೋ ಎಂದು ಎರಡೂ ಕಡೆಯವರು ಗಂಟಲು ಹರಿದುಕೊಂಡರು. ಮಾತೆಲ್ಲ ಬೊಕ್ಕಸದ ಹೊರೆಯದು. ಆ ಬಸ್ಸು ಹತ್ತಿದ ಹೆಂಗಸು ಯಾವ ಆಸ್ಪತ್ರೆಗೆ, ಯಾವ ಕೆಲಸಕ್ಕೆ ಹೋದಳು ಎಂಬುದು ತಾಲ್ಲೂಕುವಾರು ಕಾಲಂ ಆಗಬೇಕಿತ್ತು. ಇಲ್ಲದ ಕಾಲಂ ಬೇಕು ಎನ್ನುವವರಿಗೆ ಎರಡೂ ಪಕ್ಷಗಳಲ್ಲಿ ಕುರ್ಚಿಯಿಲ್ಲ.

ಕೊರತೆಗಳು ಇನ್ನೂ ಇವೆ. ನಂಜುಂಡಪ್ಪನವರು ಅಳೆದಾಗ 175 ಇದ್ದ ತಾಲ್ಲೂಕುಗಳು ಈಗ 230 ದಾಟಿವೆ. 2002ರ ಅಳತೆಗೆ ಹೊಲಿಸಿದ ಅಂಗಿಯನ್ನು ಎರಡು ದಶಕ ಮೀರಿ ತೊಟ್ಟೆವು. ಸರಾಸರಿಗೆ ಹೋಲಿಸುವ ಸೂಚ್ಯಂಕದಲ್ಲಿ ಯಾರಾದರೊಬ್ಬರು ಸದಾ ಹಿಂದೆಯೇ. ನಿನ್ನೆಗಿಂತ ಇಂದು ಎಷ್ಟು ಮುಂದೆ ಎಂಬುದು ಅದರಲ್ಲಿ ಕಾಣದು. ಎಲ್ಲಕ್ಕಿಂತ ದೊಡ್ಡ ಕೊರತೆ ಹೊತ್ತಿನದು. ದೇಶದ ಮೊದಲ ಸಮಯ ಬಳಕೆ ಸಮೀಕ್ಷೆಯನ್ನು 1998-99ರಲ್ಲಿ ಆರು ರಾಜ್ಯಗಳಲ್ಲಿ ಮಾಡಿದರು, ಕರ್ನಾಟಕ ಅದರಲ್ಲಿರಲಿಲ್ಲ. ದೇಶವ್ಯಾಪಿ ಸಮೀಕ್ಷೆಗೆ 2019ರವರೆಗೆ ಕಾಯಬೇಕಾಯಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ಅದು ಹೇಳಿತು. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರೇ ನಾಲ್ಕರಲ್ಲೊಬ್ಬರು. ಈ ನಿಮಿಷಗಳು ಜಿಡಿಪಿಯಲ್ಲೂ ಇಲ್ಲ, ನಾನು ಮೆಚ್ಚಿ ಬರೆದ 35 ಸೂಚಕಗಳಲ್ಲೂ ಇಲ್ಲ.

ಕಲಬುರ್ಗಿ ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮ ಪ್ರಶ್ನಾವಳಿಗೆ ಆ ಏಣಿಯ ಪ್ರಶ್ನೆಯನ್ನೂ ಸೇರಿಸಿದ್ದೆವು. ಕೊಡಗಳ ಸಾಲಿನ ಪಕ್ಕ ಕುಳಿತಿದ್ದ ಹೆಂಗಸೊಬ್ಬರು ಪ್ರಶ್ನೆಯನ್ನು ಪೂರ್ತಿ ಕೇಳಿ ನಕ್ಕರು. ‘ಯಾವಾಗಿಂದು ಕೇಳ್ಲತ್ತೀರಿ ಸರ? ನಳ ಬರೂಕಿಂತ ಮೊದ್ಲಿಂದೋ, ಬಂದ ಮ್ಯಾಲಿಂದೋ?’

ನಮ್ಮ ನಮೂನೆಯಲ್ಲಿ ಗಂಟೆ ಬರೆಯುವ ಕಾಲಂ ಇರಲಿಲ್ಲ. ಅವರ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡು, ಮನೆಯ ಸಂಖ್ಯೆಯ ಮುಂದೆ 5 ಎಂದು ತುಂಬಿದೆ. ವರದಿ ಅಚ್ಚಾಗಿ ಬಂದಾಗ 5 ಕೋಷ್ಟಕದಲ್ಲಿತ್ತು.