ಪದ್ಯದೊಳಗೆ ಕೂತ 20 ಅಂಕಿ: ಮಳಖೇಡದಿಂದ ಬೆಂಜ್ ಸರ್ಕಲ್‌ ಕಡೆಗೆ

ವಿಜಯವಾಡದಲ್ಲಿ ಕೆಲಸ ಮಾಡೋ ಕನ್ನಡಿಗರಿಗೆ ಬೆಂಜ್ ಸರ್ಕಲ್ ಅಂದ್ರೆ ಮೊದಲು ನೆನಪಾಗೋದು ಟ್ರಾಫಿಕ್. ಚೆನ್ನೈ–ಕೋಲ್ಕತ್ತ ಹೆದ್ದಾರಿಗೆ ಬಂದರ್ ರೋಡ್ ಅಡ್ಡ ಬರೋ ಜಾಗ ಅದು. ಮಚಲೀಪಟ್ಟಣದಿಂದ ವಿಜಯವಾಡಕ್ಕೆ ಬರೋ ಹೆದ್ದಾರಿ 65ನ್ನೇ ಹಿಡಿದು ಪಶ್ಚಿಮಕ್ಕೆ ಹೋದ್ರೆ, ಹೈದರಾಬಾದ್ ದಾಟಿ ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್ ಸಿಗುತ್ತೆ. ಸುಮಾರು ಸಾವಿರ ವರ್ಷದ ಹಿಂದೆ ಆ ಕಡೆಯಿಂದ ಈ ಕಡೆಗೆ ಗಣಿತ ಬಂತು. ಇವತ್ತಿನ ಮಾತು ಅದರ ಬಗ್ಗೆ, ಮತ್ತೆ ಒಂದು ಸಂಖ್ಯೆಯ ಬಗ್ಗೆ.

18446744073709551615.

ಕೋಡ್ ಬರೆಯೋರಿಗೆ ಇದು ಹಳೇ ಪರಿಚಯ: ಅನ್‌ಸೈನ್ಡ್ 64 ಬಿಟ್ ಇಂಟಿಜರ್‌ನ ಗರಿಷ್ಠ ಬೆಲೆ. ಎರಡನ್ನು 64 ಸಲ ಗುಣಿಸಿ ಒಂದು ಕಳೆದರೆ ಬರೋದು. ಚದುರಂಗದ ಮೊದಲ ಮನೆಗೆ ಒಂದು ಕಾಳು, ಮುಂದಿನ ಪ್ರತಿ ಮನೆಗೂ ಅದರ ಎರಡರಷ್ಟು ಇಟ್ಟರೆ ಒಟ್ಟು ಕಾಳು ಇಷ್ಟು. ಸೆಕೆಂಡಿಗೆ ಒಂದರಂತೆ ಎಣಿಸಿದರೆ 58,000 ಕೋಟಿ ವರ್ಷಕ್ಕೂ ಹೆಚ್ಚು ಬೇಕು.

ಈಗ ಕಥೆಗೆ ಬರೋಣ. ಕ್ರಿ.ಶ. 850ರ ಸುಮಾರಿಗೆ, ಮಳಖೇಡದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ನೃಪತುಂಗ ಅಂದ ಕೂಡಲೇ ನಮಗೆ 'ಕವಿರಾಜಮಾರ್ಗ' ನೆನಪಾಗುತ್ತೆ, ಈ ಗಣಿತಜ್ಞ ನೆನಪಾಗೋದು ಕಡಿಮೆ. ಗುಣೋತ್ತರ ಶ್ರೇಢಿಯ ಮೊತ್ತ ತೆಗೆಯೋ ಸೂತ್ರ ಆ ಪುಸ್ತಕದಲ್ಲಿದೆ. ದೊಡ್ಡ ಘಾತ ಬೇಕಾದಾಗ ಘಾತಾಂಕವನ್ನು ಅರ್ಧ ಮಾಡ್ತಾ ಹೋಗಿ, ವರ್ಗ ಮಾಡ್ತಾ ಬರೋ ಉಪಾಯವೂ ಇದೆ. ಹಾಗೆ ಮಾಡಿದರೆ 64 ಮನೆಗೆ ಆರೇ ವರ್ಗ ಸಾಕು: 2, 4, 16, 256, 65536, 4294967296, ಕೊನೆಗೆ ನಮ್ಮ ಸಂಖ್ಯೆಗಿಂತ ಒಂದು ಹೆಚ್ಚು.

ಈ ಗ್ರಂಥವನ್ನು ತೆಲುಗಿಗೆ ತಂದವನು ಪಾವುಲೂರಿ ಮಲ್ಲನ, ಸುಮಾರು 11ನೇ ಶತಮಾನದವನು. ಚದುರಂಗದ ಈ ಮೊತ್ತವನ್ನು ಹೇಳೋ ಒಂದು ತೆಲುಗು ಪದ್ಯ ಅವನ ಹೆಸರಲ್ಲಿ ಪ್ರಸಿದ್ಧ. ಅದರಲ್ಲಿ ಅಂಕಿಗಳೇ ಇಲ್ಲ. ಬಾಣ ಅಂದ್ರೆ 5, ಚಂದ್ರ ಅಂದ್ರೆ 1, ಆಕಾಶ ಅಂದ್ರೆ 0, ಆನೆ ಅಂದ್ರೆ 8. ಬಲದಿಂದ ಎಡಕ್ಕೆ ಬರೆದುಕೊಂಡು ಹೋದ್ರೆ 20 ಅಂಕಿಯೂ ಸರಿಯಾಗಿ ಬರುತ್ತೆ. ಒಂದು ಪದ ಬಿದ್ದುಹೋದ್ರೆ ಛಂದಸ್ಸು ಕುಂಟುತ್ತೆ, ಕಿವಿಗೆ ತಕ್ಷಣ ಗೊತ್ತಾಗುತ್ತೆ. ನಮ್ಮ ಚೆಕ್‌ಸಮ್ ಮಾಡೋ ಕೆಲಸವನ್ನೇ ಅಲ್ಲಿ ಛಂದಸ್ಸು ಮಾಡ್ತಿತ್ತು.

ಹಾಗಂತ "ಎಲ್ಲ ನಮ್ಮದೇ" ಅನ್ನೋ ಹಾಗಿಲ್ಲ. ಕ್ರಿ.ಶ. 1000ದ ಸುಮಾರಿಗೆ ಅಲ್‌ಬಿರೂನಿ ಕೂಡ ಇದೇ ಮೊತ್ತ ಲೆಕ್ಕ ಹಾಕಿದ್ದ.

ಸಂಖ್ಯೆಯ ಒಳಗನ್ನೂ ಸ್ವಲ್ಪ ನೋಡಿ. ಕೊನೆಯ ಅಂಕಿ 5, ಹಾಗಾಗಿ ಐದರಿಂದ ಭಾಗ ಹೋಗುತ್ತೆ. ಅಂಕಿಗಳ ಮೊತ್ತ 87, ಹಾಗಾಗಿ ಮೂರರಿಂದಲೂ. ಒಡೆದರೆ 3, 5, 17, 257, 65537, 4294967297 ಇವುಗಳ ಗುಣಲಬ್ಧ. ಕೊನೆಯದು ಅವಿಭಾಜ್ಯ ಅಂತ ಫರ್ಮಾ ನಂಬಿದ್ದ. 1732ರಲ್ಲಿ ಆಯ್ಲರ್ ಅದು 641ರಿಂದ ಭಾಗ ಹೋಗುತ್ತೆ ಅಂತ ತೋರಿಸಿದ. ಮಲ್ಲನನ ಪದ್ಯದ ಸಂಖ್ಯೆಯೊಳಗೆ 641 ಅಷ್ಟು ಕಾಲ ಸುಮ್ಮನೆ ಕೂತಿತ್ತು.

ಊರು ಬಿಟ್ಟು ಬಂದವರಿಗೆ ನಮ್ಮದನ್ನೆಲ್ಲ ಹಿಂದೆ ಬಿಟ್ಟು ಬಂದೆವು ಅನ್ನಿಸೋದು ಸಹಜ. ಆದ್ರೆ ಮಹಾವೀರನ ಲೆಕ್ಕ ನಮಗಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂದು, ತೆಲುಗು ಕಲಿತು, ಈ ನೆಲದ್ದೇ ಆಯ್ತು. ನಾಳೆ ಟೀ ಬ್ರೇಕ್‌ನಲ್ಲಿ ತೆಲುಗು ಸಹೋದ್ಯೋಗಿಯನ್ನು ಕೇಳಿ, ಆ ಪದ್ಯ ಬರುತ್ತಾ ಅಂತ. ಬಂದ್ರೆ ಹೇಳಿಸಿಕೊಳ್ಳಿ, ಮಹಾವೀರನ ಕಥೆ ನೀವು ಹೇಳಿ. ಮತ್ತೆ ಸಿಗೋಣ.